ಹಿಂಟರ್‌ಕೈಫೆಕ್ ಕೊಲೆಗಳು: ನೂರು ವರ್ಷದ ಹಳೆಯ ಪ್ರಕರಣಕ್ಕೆ ಕಡತ ಕಟ್ಟುವ ಬಗೆ

ಹಳೆಯ ಕೊಲೆ ಪ್ರಕರಣ ಕೈಗೆತ್ತಿಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ‘ಯಾರು ಮಾಡಿರಬಹುದು’ ಎಂಬಲ್ಲಿಂದ ಶುರುಮಾಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಒಮ್ಮೆ ಮನಸ್ಸಿನಲ್ಲಿ ಒಬ್ಬ ಕೂತನೆಂದರೆ ಆಮೇಲೆ ಓದಿದ್ದೆಲ್ಲ ಅವನ ಕಡೆಗೇ ವಾಲುತ್ತದೆ. ಮೊದಲು ಹೆಸರು, ಆಮೇಲೆ ಕಾಲ, ಆಮೇಲೆ ಜಾಗ, ಕೊನೆಗೆ ಶಂಕಿತರು: ಕಡತ ಕಟ್ಟುವ ಕ್ರಮ ಇದು. ಇದನ್ನು ಹಿಂಟರ್‌ಕೈಫೆಕ್ ಪ್ರಕರಣದ ಮೇಲೆ ಮಾಡಿ ತೋರಿಸಿದ್ದೇವೆ. ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಸಾಕ್ಷಿಗಳ ಹೇಳಿಕೆ ಬೇಕಾದಷ್ಟಿವೆ, ವದಂತಿಗಳೂ ಅಷ್ಟೇ ಇವೆ, ಎರಡೂ ನೂರು ವರ್ಷದಲ್ಲಿ ಕಲಸಿಹೋಗಿವೆ.

ಜರ್ಮನಿಯ ಬವೇರಿಯಾದಲ್ಲಿ, ಇಂಗೊಲ್‌ಷ್ಟಾಟ್ ಮತ್ತು ಶ್ರೋಬೆನ್‌ಹೌಸೆನ್ ಊರುಗಳ ನಡುವೆ, ಮ್ಯೂನಿಕ್‌ನಿಂದ ಉತ್ತರಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಕಾಡಂಚಿನ ಒಂಟಿ ಮನೆ. 1922ರ ಮಾರ್ಚ್ 31ರ ರಾತ್ರಿ ಅಲ್ಲಿದ್ದ ಆರು ಜನರ ಕೊಲೆಯಾಯಿತು. ಊರಿನವರಿಗೆ ಗೊತ್ತಾದದ್ದು ಏಪ್ರಿಲ್ 4ಕ್ಕೆ. ಇವತ್ತಿನವರೆಗೆ ಯಾರಿಗೂ ಶಿಕ್ಷೆಯಾಗಿಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 200 ಪುಟದ ಉದ್ದ ನೋಟ್‌ಬುಕ್ ಒಂದು, ಗ್ರಾಫ್ ಹಾಳೆ ನಾಲ್ಕು, ನೀಲಿ, ಹಸಿರು, ಕೆಂಪು ಪೆನ್ನು, 1922ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಕ್ಯಾಲೆಂಡರ್ ಪ್ರಿಂಟು. ಪೆನ್ನಿನ ಬಣ್ಣಕ್ಕೆ ಕಟ್ಟುನಿಟ್ಟಾದ ಅರ್ಥ ಇರಲಿ. ಕಣ್ಣಾರೆ ಕಂಡವರು 1922ರ ಏಪ್ರಿಲ್‌ನಲ್ಲೇ ಪೊಲೀಸರ ಮುಂದೆ ಹೇಳಿದ್ದು ನೀಲಿ. ಅವರೇ ಆಗಲಿ ಬೇರೆಯವರಾಗಲಿ ವರ್ಷಗಳ ಮೇಲೆ ಅಧಿಕಾರಿಗಳ ಮುಂದೆ ಹೇಳಿದ್ದು ಹಸಿರು. ಪತ್ರಿಕೆ, ಪುಸ್ತಕ, ವಿಡಿಯೊ, ಊರ ಮಾತು ಎಲ್ಲ ಕೆಂಪು. ಯಾವ ಬಣ್ಣ ಎಂದು ಗೊತ್ತಾಗದಿದ್ದರೆ ಅದು ಕೆಂಪೇ.

ಕಂಪ್ಯೂಟರಿನಲ್ಲೇ ಮಾಡುತ್ತೇನೆ ಅನ್ನುವವರು ಎರಡು ಗುಂಡಿಗಳನ್ನು ನೋಡಿಕೊಂಡು ಹೆಜ್ಜೆ ಇಡಬೇಕು. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ದಿನಾಂಕ ದಿನಾಂಕವಾಗಿ ಗೊತ್ತಿಲ್ಲ, ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಸತ್ತ ದೊಡ್ಡವರೆಲ್ಲ 19ನೇ ಶತಮಾನದಲ್ಲಿ ಹುಟ್ಟಿದವರು, ಹಾಗಾಗಿ ಹುಟ್ಟಿದ ದಿನ ತುಂಬಿ ಸಾರ್ಟ್ ಮಾಡಿದರೆ ಪಟ್ಟಿ ತಲೆಕೆಳಗಾಗುತ್ತದೆ. ವರ್ಷ, ತಿಂಗಳು, ದಿನಕ್ಕೆ ಮೂರು ಬೇರೆ ಕಾಲಂ ಹಾಕಿ. ಇನ್ನೊಂದು, ಜರ್ಮನ್ನರು ನಮ್ಮ ಹಾಗೆ ದಿನವನ್ನು ಮೊದಲು ಬರೆಯುತ್ತಾರೆ. 3.4.1922 ಅಂದರೆ ಏಪ್ರಿಲ್ 3. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಮಾರ್ಚ್ 4 ಆಗುತ್ತದೆ. ಕೊಲೆಯಾದ ಮೇಲೆ, ಏಪ್ರಿಲ್ 3ಕ್ಕೆ, ಆ ಮನೆಗೆ ಬಂದ ಅಂಚೆಯವನ ಭೇಟಿ ಕೊಲೆಗಿಂತ ನಾಲ್ಕು ವಾರ ಹಿಂದಕ್ಕೆ ಹೋಗಿ ಕೂರುವುದು ಹೀಗೆ.

ಹೆಸರಿನ ಹಾಳೆ

ಮೊದಲ ಪುಟದಲ್ಲಿ ಸತ್ತವರ ಹೆಸರು, ವಯಸ್ಸು, ಸಂಬಂಧ, ಸಿಕ್ಕಿದ ಜಾಗ ಬರೆಯಿರಿ. ಯಜಮಾನ ಆಂಡ್ರಿಯಾಸ್ ಗ್ರೂಬರ್ 63, ಹೆಂಡತಿ ಸೆಸಿಲಿಯಾ 72, ಮಗಳು ವಿಕ್ಟೋರಿಯಾ ಗಾಬ್ರಿಯೆಲ್ 35, ವಿಕ್ಟೋರಿಯಾಳ ಮಗಳು ಸೆಸಿಲಿಯಾ 7, ಮಗ ಯೋಸೆಫ್ 2, ಕೆಲಸದಾಕೆ ಮರಿಯಾ ಬೌಮ್‌ಗಾರ್ಟ್ನರ್ 44.

ಅಜ್ಜಿ ಮೊಮ್ಮಗಳು ಇಬ್ಬರಿಗೂ ಒಂದೇ ಹೆಸರು. ‘ಅಜ್ಜಿ ಸೆಸಿಲಿಯಾ’, ‘ಪುಟ್ಟ ಸೆಸಿಲಿಯಾ’ ಎಂದು ಮೊದಲ ದಿನವೇ ಗುರುತು ಹಾಕಿಕೊಳ್ಳದಿದ್ದರೆ ಮೂರನೇ ಪುಟಕ್ಕೆ ಗೊಂದಲ. ಹೆಂಡತಿ ಗಂಡನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಪ್ಪಾಗಿ ಅಚ್ಚಾಗಿದೆ ಎಂದುಕೊಂಡು ಇದನ್ನು ‘ತಿದ್ದಿ’ದವರಿದ್ದಾರೆ, ನೀವು ತಿದ್ದಬೇಡಿ. ವಿಕ್ಟೋರಿಯಾಳ ಗಂಡ ಕಾರ್ಲ್ ಗಾಬ್ರಿಯೆಲ್ 1914ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅರಾಸ್ ಬಳಿ ಯುದ್ಧದಲ್ಲಿ ಸತ್ತನೆಂದು ದಾಖಲೆ ಹೇಳುತ್ತದೆ, ಶವ ಊರಿಗೆ ಬರಲಿಲ್ಲ. ಅವನಿಗೂ ಒಂದು ಸಾಲು ಇರಲಿ, ಮುಂದೆ ಬೇಕಾಗುತ್ತದೆ.

ಊರಿನ ಹೆಸರಲ್ಲೂ ಎಡವುತ್ತಾರೆ. ಹಿಂಟರ್‌ಕೈಫೆಕ್ ಊರಲ್ಲ, ಒಂದೇ ಮನೆ. ‘ಹಿಂಟರ್’ ಅಂದರೆ ಹಿಂದೆ. ಕೈಫೆಕ್ ಎಂಬ ಪುಟ್ಟ ನೆಲೆಯ ಹಿಂದಿನ ಮನೆ ಅದು. ಹತ್ತಿರದ ಹಳ್ಳಿ ಗ್ರೋಬರ್ನ್. ಆಡಳಿತಕ್ಕೆ ಆಗ ವಾಂಗೆನ್, ಈಗ ವೈಡ್‌ಹೋಫೆನ್. ಹುಡುಕುವಾಗ ನಾಲ್ಕೂ ಹೆಸರು ಹಾಕಿ ನೋಡಬೇಕು.

ಯಂತ್ರದ ಅನುವಾದ ನಂಬಿದರೆ

ಮೂಲ ಹೇಳಿಕೆಗಳು ಜರ್ಮನ್‌ನಲ್ಲಿವೆ, ಅದರಲ್ಲೂ ಬವೇರಿಯಾದ ರೈತರ ಮಾತಿನ ಛಾಯೆಯವು. ಪೂರ್ತಿ ಭಾಷೆ ಕಲಿಯಬೇಕಿಲ್ಲ, ಆದರೆ ನಾಲ್ಕು ಪದಕ್ಕೆ ನೀವೇ ಕಾವಲು ಕೂರಬೇಕು. ‘ಷ್ಟಾಲ್’ ಅಂದರೆ ದನದ ಕೊಟ್ಟಿಗೆ. ಇಂಗ್ಲಿಷಿನ ಸ್ಟಾಲ್ ಎಂದುಕೊಂಡು ಕೆಲವು ಅನುವಾದಗಳು ಅಂಗಡಿ ಮಾಡಿಬಿಡುತ್ತವೆ. ‘ಷ್ಟಾಡಲ್’ ಅಂದರೆ ಹುಲ್ಲು, ಧಾನ್ಯ ತುಂಬಿಡುವ ದೊಡ್ಡ ಕಟ್ಟಡ. ಕೆಳಗೆ ಇದನ್ನು ಹುಲ್ಲುಮನೆ ಎಂದೇ ಕರೆದಿದ್ದೇವೆ. ಈ ಪ್ರಕರಣದಲ್ಲಿ ಕೊಟ್ಟಿಗೆ ಬೇರೆ, ಹುಲ್ಲುಮನೆ ಬೇರೆ, ಎರಡನ್ನೂ ಒಂದೇ ಮಾಡಿದರೆ ಶವಗಳು ಸಿಕ್ಕ ಜಾಗವೇ ತಪ್ಪುತ್ತದೆ. ‘ರಾಯ್ಟ್‌ಹೌಎ’ ಅಂದರೆ ಬೇರು ಕೀಳಲು ಬಳಸುವ ಗುದ್ದಲಿಯ ಜಾತಿಯ ಸಲಕರಣೆ. ಇದನ್ನು ಕೊಡಲಿ ಎಂದು ಬರೆದವರಿಗೆ ಲೆಕ್ಕವಿಲ್ಲ. ‘ಓರ್ಟ್ಸ್‌ಫ್ಯೂರರ್’ ಅಂದರೆ ಊರಿನ ಮುಖಂಡ, ಪೊಲೀಸಿನವನಲ್ಲ.

ಕಾಲಪಟ್ಟಿ

ಕಡತದ ಜೀವ ಇದರಲ್ಲಿದೆ. ಒಂದು ದಿನಕ್ಕೆ ಎರಡು ಪುಟ ಬಿಡಿ. ಐದು ಕಾಲಂ ಗೆರೆ ಎಳೆಯಿರಿ: ಯಾವಾಗ ನಡೆಯಿತು, ಏನು ನಡೆಯಿತು, ಹೇಳಿದವರು ಯಾರು, ಅವರು ಕಂಡದ್ದೋ ಕೇಳಿದ್ದೋ, ಹೇಳಿದ್ದು ಯಾವಾಗ. ಕೊನೆಯ ಕಾಲಂ ಖಾಲಿ ಬಿಡುವ ಚಾಳಿ ಎಲ್ಲರಿಗೂ ಇದೆ. ಆದರೆ ಇಡೀ ಪಟ್ಟಿಗೆ ಬೆಲೆ ಬರುವುದೇ ಆ ಕಾಲಂನಿಂದ.

ಒಂದು ಸಾಲನ್ನು ತುಂಬಿ ನೋಡೋಣ. ‘ಕಾಡಿನಿಂದ ಮನೆ ಕಡೆಗೆ ಹಿಮದಲ್ಲಿ ಹೆಜ್ಜೆ ಗುರುತು ಬಂದಿದ್ದವು, ವಾಪಸು ಹೋದ ಗುರುತು ಇರಲಿಲ್ಲ.’ ಈ ಪ್ರಕರಣದ ಹೆಸರು ಕೇಳಿದವರೆಲ್ಲರಿಗೂ ಗೊತ್ತಿರುವ ಸಾಲು ಇದು. ಯಾವಾಗ? ಕೊಲೆಗೆ ಕೆಲವು ದಿನ ಮುಂಚೆ. ಕಂಡವರು ಯಾರು? ಆಂಡ್ರಿಯಾಸ್ ಗ್ರೂಬರ್. ಹೇಳಿದವರು? ಗ್ರೂಬರ್ ತಮಗೆ ಹೀಗೆ ಹೇಳಿದನೆಂದು ನೆರೆಹೊರೆಯವರು. ಯಾವಾಗ ಹೇಳಿದರು? ಗ್ರೂಬರ್ ಸತ್ತ ಮೇಲೆ. ಅಂದರೆ ಹೆಜ್ಜೆ ಗುರುತನ್ನು ಕಂಡು ಪೊಲೀಸರ ಮುಂದೆ ಹೇಳಿದವರು ಒಬ್ಬರೂ ಇಲ್ಲ. ಇದರಿಂದ ಮಾತು ಸುಳ್ಳಾಗುವುದಿಲ್ಲ, ‘ಕೇಳಿದ್ದು’ ಕಾಲಂಗೆ ಹೋಗುತ್ತದೆ ಅಷ್ಟೆ. ಅಟ್ಟದ ಮೇಲೆ ಸದ್ದು, ಮನೆಯವರು ತರಿಸದ ಮ್ಯೂನಿಕ್ ಪತ್ರಿಕೆ, ಕಳೆದುಹೋದ ಬೀಗದ ಕೈ, ಇವೂ ಅದೇ ಜಾತಿಯವು. ಸುಮಾರು ಆರು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದ ಹಳೆಯ ಕೆಲಸದಾಕೆ ‘ಮನೆಯಲ್ಲಿ ದೆವ್ವ ಇದೆ’ ಎಂದು ಓಡಿಹೋದಳೆಂಬ ಮಾತನ್ನು ಕೆಂಪಿನಲ್ಲೇ ಬರೆಯಿರಿ.

ಇನ್ನು ದಿನಗಳು. ಮಾರ್ಚ್ 31 ಶುಕ್ರವಾರ. ಹೊಸ ಕೆಲಸದಾಕೆ ಮರಿಯಾ ಅವತ್ತು ಮಧ್ಯಾಹ್ನದ ಮೇಲೆ ಬಂದಳು. ಜೊತೆಗೆ ಬಂದಿದ್ದ ಅಕ್ಕನೋ ತಂಗಿಯೋ ಬಿಟ್ಟು ಹೊರಟುಹೋದಳು. ಮನೆಯವರನ್ನು ಜೀವಂತ ನೋಡಿ ಬಂದ ಹೊರಗಿನವರಲ್ಲಿ ಬಹುಶಃ ಆಕೆಯೇ ಕೊನೆಯವಳು. ಕೆಲಸಕ್ಕೆ ಸೇರಿದ ಮೊದಲ ರಾತ್ರಿಯೇ ಮರಿಯಾಳ ಕೊಲೆಯಾಯಿತು.

ಆ ರಾತ್ರಿಯ ಬೆಳಕಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಅಲ್ಲಿ ಆ ಹೊತ್ತಿನಲ್ಲಿ ಸೂರ್ಯ ಮುಳುಗುವುದು ಸಂಜೆ 6.40ರ ಆಸುಪಾಸಿಗೆ. ಮಾರ್ಚ್ 28ಕ್ಕೆ ಅಮಾವಾಸ್ಯೆ, ಅವತ್ತು ಸೂರ್ಯಗ್ರಹಣವೂ ಇತ್ತು. ಕೊಲೆಯಾದ 31 ನಮ್ಮ ಪಂಚಾಂಗದ ಪ್ರಕಾರ ಯುಗಾದಿಯಾಗಿ ಮೂರನೇ ದಿನ, ಚೈತ್ರ ಶುದ್ಧ ತದಿಗೆ. ಎಳೆ ಚಂದ್ರ ಸರಿರಾತ್ರಿಗೆ ಬಹಳ ಮುಂಚೆಯೇ ಮುಳುಗಿರುತ್ತಾನೆ. ‘ಬೆಳದಿಂಗಳಲ್ಲಿ ಒಬ್ಬನನ್ನು ಕಂಡೆ’ ಎಂದು ಎಲ್ಲಾದರೂ ಓದಿದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಲು ಇದಿಷ್ಟು ಸಾಕು. ಯಾವ ಹಳೆಯ ಪ್ರಕರಣವಾದರೂ ತಿಥಿ ನೋಡುವುದು ಹತ್ತು ನಿಮಿಷದ ಕೆಲಸ, ಮಾಡುವವರು ಮಾತ್ರ ಕಡಿಮೆ.

ಏಪ್ರಿಲ್ 1 ಶನಿವಾರ, ಪುಟ್ಟ ಸೆಸಿಲಿಯಾ ಶಾಲೆಗೆ ಬರಲಿಲ್ಲ. ಕಾಫಿ ಮಾರುವ ಇಬ್ಬರು ಬಂದು ಬಾಗಿಲು ಬಡಿದು, ಯಾರೂ ಓಗೊಡದೆ ಹೋದರು. 2ರ ಭಾನುವಾರ ಮನೆಯವರು ಯಾರೂ ಚರ್ಚಿಗೆ ಬರಲಿಲ್ಲ. 3ರ ಸೋಮವಾರ ಬಂದ ಅಂಚೆಯವನಿಗೆ ಹಿಂದೆ ಇಟ್ಟುಹೋದ ಟಪಾಲು ಹಾಗೇ ಇದ್ದದ್ದು ಕಂಡಿತು. ಈ ನಡುವೆ ಚಿಮಣಿಯಿಂದ ಹೊಗೆ ಬರುತ್ತಿತ್ತು ಅನ್ನುವ ಹೇಳಿಕೆಗಳಿವೆ. ದನಗಳಿಗೆ ಮೇವು ಸಿಕ್ಕಿತ್ತು, ಅಡುಗೆಮನೆಯಲ್ಲಿ ಊಟ ಮಾಡಿದ ಕುರುಹು ಇತ್ತು.

ಏಪ್ರಿಲ್ 4 ಮಂಗಳವಾರಕ್ಕೆ ನಾಲ್ಕು ಪುಟ ಬಿಡಿ. ಬೆಳಿಗ್ಗೆ 9ರ ಸುಮಾರಿಗೆ ಮೆಕ್ಯಾನಿಕ್ ಆಲ್ಬರ್ಟ್ ಹೋಫ್ನರ್ ಮೇವು ಕತ್ತರಿಸುವ ಯಂತ್ರದ ಎಂಜಿನ್ ರಿಪೇರಿಗೆ ಬಂದ. ಯಾರೂ ಕಾಣಲಿಲ್ಲ. ಒಂದು ಗಂಟೆ ಕಾದು, ತಾನೇ ಕೆಲಸ ಶುರುಮಾಡಿ ಸುಮಾರು ನಾಲ್ಕೂವರೆ ಗಂಟೆ ದುಡಿದು ಮುಗಿಸಿ ಹೋದ. ಒಳಗಿನಿಂದ ನಾಯಿಯ ಸದ್ದು, ದನದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ ಎಂದ. ಆರು ಹೆಣಗಳಿದ್ದ ಮನೆಯ ಅಂಗಳದಲ್ಲಿ ಒಬ್ಬ ಮನುಷ್ಯ ಐದೂವರೆ ಗಂಟೆ ಇದ್ದು ಹೋಗಿದ್ದಾನೆ. ಅವನ ಗಂಟೆಗಳನ್ನು ಒಂದೊಂದಾಗಿ ಬೇರೆ ಸಾಲಿನಲ್ಲಿ ಬರೆಯಿರಿ, ಏಕೆಂದರೆ ಅಷ್ಟು ಹೊತ್ತು ಕೊಲೆಗಾರ ಅಲ್ಲಿದ್ದನೋ ಇಲ್ಲವೋ ಎಂಬುದರ ಮೇಲೆ ಮುಂದಿನ ಎಷ್ಟೋ ವಾದಗಳು ನಿಂತಿವೆ. ಸಂಜೆ 5ರ ಹೊತ್ತಿಗೆ ಗ್ರೋಬರ್ನ್‌ನ ಮುಖಂಡ ಲೊರೆನ್ಸ್ ಶ್ಲಿಟ್ಟೆನ್‌ಬೌವರ್ ಇನ್ನಿಬ್ಬರ ಜೊತೆ ಹೋಗಿ ಹುಲ್ಲುಮನೆಗೆ ನುಗ್ಗಿದ. ಶವಗಳು ಸಿಕ್ಕವು.

ಜಾಗದ ನಕ್ಷೆ

ಗ್ರಾಫ್ ಹಾಳೆ ಕಂಡ ಕೂಡಲೇ ಅಡಿ, ಅಂಗುಲ ಹಾಕಲು ಕೈ ತುರಿಸುತ್ತದೆ. ಬೇಡ. ಮನೆಯನ್ನು 1923ರಲ್ಲೇ ಕೆಡವಿದರು, ಅಳೆಯಲು ಏನೂ ಉಳಿದಿಲ್ಲ. ‘ಯಾವುದರಿಂದ ಯಾವುದಕ್ಕೆ ದಾರಿ’ ಎಂಬ ನಕ್ಷೆ ಮಾತ್ರ ಬರೆಯಿರಿ: ವಾಸದ ಮನೆ, ಅದಕ್ಕೆ ಹೊಂದಿ ಕೊಟ್ಟಿಗೆ, ಕೊಟ್ಟಿಗೆಯಿಂದ ಹುಲ್ಲುಮನೆಗೆ ಬಾಗಿಲು, ಮೇಲೆ ಅಟ್ಟ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಒಳಗಿಂದೊಳಗೇ ಕೊಟ್ಟಿಗೆಗೆ ಹೋಗುವ ಹಾಗೆಯೇ, ಅಂಗಳಕ್ಕೆ ಕಾಲಿಡದೆ ಮಲಗುವ ಕೋಣೆಯಿಂದ ಹುಲ್ಲುಮನೆವರೆಗೆ ಹೋಗಬಹುದಿತ್ತು.

ಆಮೇಲೆ ಆರು ಚುಕ್ಕಿ ಇಡಿ. ಆಂಡ್ರಿಯಾಸ್, ಅಜ್ಜಿ ಸೆಸಿಲಿಯಾ, ವಿಕ್ಟೋರಿಯಾ, ಪುಟ್ಟ ಸೆಸಿಲಿಯಾ ನಾಲ್ವರೂ ಹುಲ್ಲುಮನೆಯಲ್ಲಿ, ಕೊಟ್ಟಿಗೆ ಕಡೆಯ ಬಾಗಿಲ ಹತ್ತಿರ, ಮೇಲೆ ಹುಲ್ಲು ಮುಚ್ಚಿತ್ತು. ಮರಿಯಾ ತನ್ನ ಕೋಣೆಯಲ್ಲಿ. ಯೋಸೆಫ್ ತಾಯಿಯ ಮಲಗುವ ಕೋಣೆಯಲ್ಲಿ, ಮಗುವನ್ನು ಮಲಗಿಸುವ ತಳ್ಳುಗಾಡಿಯಲ್ಲಿ. ನಾಲ್ಕು ಒಂದು ಕಡೆ, ಎರಡು ಇನ್ನೊಂದು ಕಡೆ. ಪ್ರಶ್ನೆ ತಾನಾಗಿ ಏಳುತ್ತದೆ: ನಾಲ್ವರು ಒಟ್ಟಿಗೆ ಹೋದರೋ, ಒಬ್ಬರನ್ನು ಹುಡುಕಿಕೊಂಡು ಇನ್ನೊಬ್ಬರು ಹೋದರೋ? ಹುಲ್ಲುಮನೆಯಲ್ಲಿ ಕೂಗಿದರೆ ವಾಸದ ಕಡೆಗೆ ಕೇಳಿಸುವುದಿಲ್ಲ ಎಂದು ತನಿಖೆಯವರು ಸ್ಥಳದಲ್ಲೇ ಕೂಗಿಸಿ ನೋಡಿದ್ದರು. ನಕ್ಷೆಯ ಮೇಲೆ ಇದನ್ನು ದಪ್ಪಕ್ಕೆ ಬರೆಯಿರಿ. ಒಬ್ಬೊಬ್ಬರಾಗಿ ಹೋದರೆಂಬ ಊಹೆಗೆ ಇಷ್ಟು ಬಲ ಕೊಡುವ ಸಂಗತಿ ಇನ್ನೊಂದಿಲ್ಲ. ಆದರೂ ಅದು ಊಹೆಯೇ, ಪೆನ್ಸಿಲ್ಲಿನಲ್ಲಿ ಬರೆಯಿರಿ.

ಕೈ ತಾಗಿದ ಸಾಕ್ಷ್ಯ

ಮ್ಯೂನಿಕ್‌ನಿಂದ ಇನ್‌ಸ್ಪೆಕ್ಟರ್ ಗೇಯೋರ್ಗ್ ರೈನ್‌ಗ್ರೂಬರ್ ತಂಡ ಬಂದು ತಲುಪುವ ಹೊತ್ತಿಗೆ ಊರಿನ ಜನ ಮನೆಯೊಳಗೆಲ್ಲ ಓಡಾಡಿ ಆಗಿತ್ತು. ಶವಗಳನ್ನು, ಸಾಮಾನುಗಳನ್ನು ಸರಿಸಿದ್ದರು. ಅಡುಗೆಮನೆಯಲ್ಲಿ ಬೇಯಿಸಿಕೊಂಡು ತಿಂದವರೂ ಇದ್ದರು.

ಆದ್ದರಿಂದ ಸ್ಥಳದ ಪ್ರತಿ ವಸ್ತುವಿನ ಮುಂದೆ ‘ಜನ ಬರುವ ಮುಂಚೆ’, ‘ಜನ ಬಂದ ಮೇಲೆ’, ‘ಹೇಳಲಾಗದು’ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ಅಡುಗೆಮನೆಯ ಎಂಜಲನ್ನೇ ತೆಗೆದುಕೊಳ್ಳಿ. ಕೊಲೆಗಾರ ದಿನಗಟ್ಟಲೆ ಅಲ್ಲೇ ಉಂಡು ಮಲಗಿದ್ದ ಎಂಬುದಕ್ಕೆ ಅದನ್ನೇ ಎತ್ತಿ ತೋರಿಸುತ್ತಾರೆ. ಊರವರೂ ಅಲ್ಲಿ ತಿಂದಿದ್ದರಿಂದ ನೀವು ‘ಹೇಳಲಾಗದು’ ಎಂದೇ ಬರೆಯಬೇಕಾಗುತ್ತದೆ. ದನಗಳ ಮಾತು ಬೇರೆ. ನಾಲ್ಕು ದಿನ ಮೇವು ಕಾಣದ ದನಗಳು ಹೇಗಿರುತ್ತವೆ ಎಂಬುದು ಅಲ್ಲಿಗೆ ಮೊದಲು ನುಗ್ಗಿದ ರೈತರಿಗೆ ನೋಡಿದ ಕೂಡಲೇ ತಿಳಿಯುವ ಸಂಗತಿ. ಆ ಸಾಕ್ಷ್ಯ ಎಂಜಲಿಗಿಂತ ಗಟ್ಟಿ.

ಆಯುಧದ ಸಾಲಿನಲ್ಲಿ ಎರಡು ದಿನಾಂಕ ಬೇಕು. ಕೊಲೆಗೆ ಬಳಸಿದ ಗುದ್ದಲಿ, ಅಂದರೆ ಮೇಲೆ ಹೇಳಿದ ರಾಯ್ಟ್‌ಹೌಎ, ಸಿಕ್ಕಿದ್ದು 1922ರ ಏಪ್ರಿಲ್‌ನಲ್ಲಿ ಅಲ್ಲ, 1923ರಲ್ಲಿ ಮನೆ ಕೆಡವುವಾಗ, ಅಟ್ಟದಲ್ಲಿ. ಹಾಗಾಗಿ ಆಯುಧದ ಬಗ್ಗೆ 1922ರಲ್ಲಿ ಬರೆದದ್ದನ್ನೂ 1923ರ ನಂತರ ಬರೆದದ್ದನ್ನೂ ಒಂದೇ ಉಸಿರಿನಲ್ಲಿ ಓದಬಾರದು.

ಶವಪರೀಕ್ಷೆಯನ್ನು ಅಲ್ಲೇ ಹುಲ್ಲುಮನೆಯಲ್ಲಿ ಮಾಡಿದ್ದು ನ್ಯಾಯಾಲಯದ ವೈದ್ಯ ಯೋಹಾನ್ ಬಾಪ್ಟಿಸ್ಟ್ ಔಮ್ಯುಲರ್. ತಲೆಗಳನ್ನು ಬೇರ್ಪಡಿಸಿ ಮ್ಯೂನಿಕ್‌ಗೆ ಕಳಿಸಿದರು, ದಿವ್ಯದೃಷ್ಟಿ ಇದೆ ಅನ್ನುವವರಿಗೂ ತೋರಿಸಿದರು, ಏನೂ ಗಿಟ್ಟಲಿಲ್ಲ. ತಲೆಗಳು ವಾಪಸು ಬರಲಿಲ್ಲ, ಆಮೇಲೆ ಕಳೆದೇಹೋದವು. ವೈಡ್‌ಹೋಫೆನ್‌ನ ಸ್ಮಶಾನದಲ್ಲಿ ಆರು ಜನರನ್ನೂ ತಲೆಯಿಲ್ಲದೆ ಹೂಳಲಾಗಿದೆ. ಪುಟ್ಟ ಸೆಸಿಲಿಯಾ ಪೆಟ್ಟು ಬಿದ್ದ ಮೇಲೂ ಕೆಲವು ಗಂಟೆ ಬದುಕಿದ್ದಳು, ತನ್ನ ಕೂದಲನ್ನು ತಾನೇ ಕಿತ್ತುಕೊಂಡಿದ್ದಳು ಎಂಬ ವಿವರ ಎಲ್ಲ ಬರಹಗಳಲ್ಲೂ ಬರುತ್ತದೆ. ಶವಪರೀಕ್ಷೆಯ ಮೂಲ ವರದಿ ಉಳಿದಿಲ್ಲ. ಈ ವಿವರ ಬೇರೆಯವರ ಬರಹದ ಮೂಲಕ ಬಂದದ್ದು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಆಗ್ಸ್‌ಬರ್ಗ್ ನಗರದಲ್ಲಿದ್ದ ಈ ಪ್ರಕರಣದ ಮೂಲ ಕಡತಗಳಲ್ಲಿ ಬಹಳಷ್ಟು ಎರಡನೇ ಮಹಾಯುದ್ಧದ ಬಾಂಬಿಗೆ ಸುಟ್ಟುಹೋದವು. ಅದರಿಂದ ಇಂಥ ಕೈಬದಲು ಸಾಲುಗಳು ಈ ಕಡತದಲ್ಲಿ ಇನ್ನೂ ಸಿಗುತ್ತವೆ.

ದುಡ್ಡಿನ ಲೆಕ್ಕ

ಪೊಲೀಸರು ಮೊದಲು ಹಿಡಿದದ್ದು ದರೋಡೆಯ ದಾರಿ. ಅಲೆಮಾರಿಗಳನ್ನು, ಹಳೆಯ ಕಳ್ಳರನ್ನು ವಿಚಾರಿಸಿದರು. ಮನೆಯಲ್ಲಿ ದೊಡ್ಡ ಮೊತ್ತ ಮುಟ್ಟದೆ ಉಳಿದಿತ್ತು ಎಂದು ಗೊತ್ತಾದ ಮೇಲೆ ಆ ದಾರಿಯ ಮೇಲಿನ ನಂಬಿಕೆ ಕುಗ್ಗಿತು. ಸುಳಿವು ಕೊಟ್ಟವರಿಗೆ 1,00,000 ಮಾರ್ಕ್ ಬಹುಮಾನ ಸಾರಿದರು. ಲಕ್ಷ ಎಂದ ಕೂಡಲೇ ಕಣ್ಣರಳಿಸಬೇಡಿ. 1922ರ ಏಪ್ರಿಲ್‌ನಲ್ಲಿ ಒಂದು ಡಾಲರಿಗೆ ಸುಮಾರು 290 ಮಾರ್ಕ್ ಇತ್ತು. ಲಕ್ಷ ಮಾರ್ಕ್ ಅಂದರೆ ಸುಮಾರು 340 ಡಾಲರ್, ಅಂದಿನ ನಮ್ಮ ರೂಪಾಯಿಯಲ್ಲಿ ಸಾವಿರದ ಆಸುಪಾಸು. ಮರುವರ್ಷದ ಕೊನೆಗೆ ಡಾಲರಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಮಾರ್ಕ್ ಎಣಿಸಬೇಕಾಯಿತು, ಬಹುಮಾನದ ಮೊತ್ತಕ್ಕೆ ಬೆಂಕಿಪೊಟ್ಟಣವೂ ಬರುತ್ತಿರಲಿಲ್ಲ. ಕಡತದಲ್ಲಿ ಎಲ್ಲೇ ಮಾರ್ಕ್ ಕಂಡರೂ ತಿಂಗಳು ನೋಡದೆ ಲೆಕ್ಕ ಹಾಕಬೇಡಿ. ಚಿನ್ನದ ಮಾರ್ಕ್ ನಾಣ್ಯ ಬೇರೆ, ಕಾಗದದ ಮಾರ್ಕ್ ಬೇರೆ, ಅದನ್ನೂ ನೋಡಿಕೊಳ್ಳಿ.

ಶಂಕಿತರ ಹಾಳೆ, ಈಗ ಮಾತ್ರ

ಒಬ್ಬೊಬ್ಬರಿಗೆ ಒಂದು ಹಾಳೆ. ಎಲ್ಲರಿಗೂ ಒಂದೇ ನಾಲ್ಕು ಪ್ರಶ್ನೆ ಕೇಳಿ. ಮನೆಯ ಒಳದಾರಿ ಗೊತ್ತಿತ್ತೇ? ನಾಲ್ಕು ದಿನ ಬಂದು ಹೋಗಲೋ ಅಲ್ಲೇ ಇರಲೋ ಸಾಧ್ಯವಿತ್ತೇ? ದುಡ್ಡು ಬಿಟ್ಟುಹೋಗಲು ಕಾರಣ ಇದೆಯೇ? ಎರಡು ವರ್ಷದ ಮಗುವನ್ನೂ, ಅವತ್ತೇ ಬಂದ ಕೆಲಸದಾಕೆಯನ್ನೂ ಕೊಲ್ಲಲು ಕಾರಣ ಇದೆಯೇ? ಉತ್ತರ ‘ಹೌದು’, ‘ಇಲ್ಲ’, ‘ಗೊತ್ತಿಲ್ಲ’ ಅಷ್ಟೇ. ಮೂರು ‘ಗೊತ್ತಿಲ್ಲ’ ಬಂದ ಹಾಳೆಯನ್ನು ಮಡಚಿಡಿ.

ಶ್ಲಿಟ್ಟೆನ್‌ಬೌವರ್ ಹೆಸರು ತಪ್ಪದೆ ಬರುತ್ತದೆ. ಹಿನ್ನೆಲೆ ಇದು: ಮಗಳ ಜೊತೆ ಸಂಬಂಧವಿಟ್ಟುಕೊಂಡದ್ದಕ್ಕೆ ಆಂಡ್ರಿಯಾಸ್‌ಗೆ 1915ರಲ್ಲಿ ಒಂದು ವರ್ಷ, ವಿಕ್ಟೋರಿಯಾಳಿಗೆ ಒಂದು ತಿಂಗಳು ಶಿಕ್ಷೆಯಾಗಿತ್ತು. 1918ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಶ್ಲಿಟ್ಟೆನ್‌ಬೌವರ್‌ಗೂ ವಿಕ್ಟೋರಿಯಾಳಿಗೂ ಆಮೇಲೆ ಸಂಬಂಧ ಬೆಳೆಯಿತು. ಯೋಸೆಫ್‌ನ ತಂದೆ ಯಾರು ಎಂಬುದು ದೊಡ್ಡ ಜಗಳವಾಯಿತು. ಶವ ಸಿಕ್ಕ ದಿನ ಅವನು ಹೆಣಗಳನ್ನು ಸರಿಸಿದ, ಒಬ್ಬನೇ ಮನೆಯೊಳಗೆ ಹೋದ ಎಂದು ಜೊತೆಗಿದ್ದವರು ಹೇಳಿದರು. ತನ್ನ ಮಗ ಎಲ್ಲಿದ್ದಾನೆಂದು ನೋಡಲು ಹೋದೆ ಎಂಬುದು ಅವನ ಉತ್ತರ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. 1922ರಲ್ಲಿ ಹೇಳಿದ್ದು ನೀಲಿ, 1931ರಲ್ಲಿ ಮತ್ತೆ ವಿಚಾರಿಸಿದಾಗ ಹೇಳಿದ್ದು ಹಸಿರು. ನಡುವಿನ ಒಂಬತ್ತು ವರ್ಷ ಊರು ಅವನ ಬೆನ್ನ ಹಿಂದೆ ಗುಸುಗುಸು ಅನ್ನುತ್ತಲೇ ಇತ್ತು. ತನ್ನನ್ನು ಕೊಲೆಗಾರ ಅಂದವರ ಮೇಲೆ ಮಾನಹಾನಿ ದಾವೆ ಹೂಡಿ ಗೆದ್ದದ್ದೂ ಉಂಟು. ಆ ಸಾಲು ಬಿಟ್ಟ ಹಾಳೆ ಅರ್ಧ ಹಾಳೆ.

ಕಾರ್ಲ್ ಗಾಬ್ರಿಯೆಲ್ ಸತ್ತೇ ಇರಲಿಲ್ಲ, ಬಂದು ಸೇಡು ತೀರಿಸಿಕೊಂಡ ಎಂಬ ಕತೆಗೆ ಆಧಾರ ಎರಡನೇ ಮಹಾಯುದ್ಧದ ನಂತರ ರಷ್ಯಾದ ಸೆರೆಯಿಂದ ಬಂದವರ ಮಾತು. ಕೆಂಪು. ಅವನು ಸತ್ತದ್ದನ್ನು ಕಂಡವರು ಜೊತೆಯ ಸೈನಿಕರು. ಗುಂಪ್ ಎಂಬ ಅಣ್ಣತಮ್ಮಂದಿರ ಹೆಸರು ಬಂದದ್ದು ಅವರ ಸೋದರಿ 1941ರಲ್ಲಿ ಸಾಯುವಾಗ ಹೇಳಿದಳೆಂಬ ಮಾತಿನಿಂದ. 1951ರಲ್ಲಿ ತನಿಖೆಯೂ ಆಯಿತು, ಪುರಾವೆಯಿಲ್ಲದೆ ನಿಂತಿತು. ಸಾಯುವವರ ಮಾತಿಗೆ ತೂಕ ಕೊಡುವುದು ಎಲ್ಲ ದೇಶದ ವಾಡಿಕೆ. ಆದರೆ ಆಕೆ ಕಂಡದ್ದೇ ಕೇಳಿದ್ದೇ ಎಂಬ ಕಾಲಂ ಇಲ್ಲೂ ತುಂಬಲೇಬೇಕು.

ಹೊರಗೆ ಹಾಕುವ ಮುನ್ನ

2007ರಲ್ಲಿ ಫ್ಯೂರ್‌ಸ್ಟೆನ್‌ಫೆಲ್ಡ್‌ಬ್ರುಕ್‌ನ ಪೊಲೀಸ್ ಕಾಲೇಜಿನ ವಿದ್ಯಾರ್ಥಿಗಳು ಈ ಪ್ರಕರಣವನ್ನು ಇಂದಿನ ತನಿಖಾ ಕ್ರಮದಲ್ಲಿ ಪರಿಶೀಲಿಸಿದರು. ಅಂತಿಮವಾಗಿ ಸಾಬೀತು ಮಾಡುವುದು ಇನ್ನು ಸಾಧ್ಯವಿಲ್ಲ ಅಂದರು. ತಮಗೆ ಹೆಚ್ಚು ಅನುಮಾನವಿರುವ ಒಬ್ಬನ ಬಗ್ಗೆ ಒಮ್ಮತಕ್ಕೆ ಬಂದರೂ, ವಂಶದವರು ಬದುಕಿದ್ದಾರೆಂದು ಹೆಸರು ಹೇಳಲಿಲ್ಲ. ಮೂಲ ಕಡತ ಓದಿದವರೇ ಹೀಗೆ ನಡೆದುಕೊಂಡಿರುವಾಗ, ಅನುವಾದ ಓದಿ ಕಡತ ಕಟ್ಟಿದವರು ‘ಕೊಲೆಗಾರ ಸಿಕ್ಕ’ ಎಂದು ತಲೆಬರಹ ಹಾಕುವುದು ಹೆಚ್ಚಾಯಿತು.

ಹಾಕುವುದಿದ್ದರೆ ಕಾಲಪಟ್ಟಿ ಹಾಕಿ, ನಕ್ಷೆ ಹಾಕಿ, ಬಣ್ಣ ಸಮೇತ. ಶಂಕಿತರ ಹಾಳೆ ಮನೆಯಲ್ಲೇ ಇರಲಿ. ತಳ್ಳುಗಾಡಿಯ ಚಿತ್ರ, ಹೆಣಗಳ ಚಿತ್ರ ಬೇಡ. ಅದರಲ್ಲಿ ಕಾಣುವುದನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ಸ್ಥಳ ನೋಡಲೇಬೇಕೆಂದು ಜರ್ಮನಿಯಲ್ಲಿರುವ ಕನ್ನಡಿಗರು ಹೊರಡುವುದಾದರೆ, ಮನೆಯಿದ್ದ ಕಡೆ ಈಗ ಹೊಲ. ಹತ್ತಿರದಲ್ಲಿ ಒಂದು ಸಣ್ಣ ಸ್ಮಾರಕ ಇದೆ, ಗೋರಿ ವೈಡ್‌ಹೋಫೆನ್‌ನಲ್ಲಿದೆ. ಪೈರಿನ ಮೇಲೆ ಕಾಲಿಡಬೇಡಿ.